ಪೆಟ್ಟಿಗೆಗೆ ಅರ್ಥ್ ಇತ್ತು, ಸ್ಟಾರ್ ಪಾಯಿಂಟ್‌ಗೆ ಇರಲಿಲ್ಲ: ಒಂದು ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಪ್ರಕರಣ

ಕಾರ್ಖಾನೆಯ ಸಪ್ಲೈ 415 ವೋಲ್ಟ್, ಮೂರು ಫೇಸ್. ತರಿಸಿದ ಲೇಥ್ ಮಷಿನ್ 200 ವೋಲ್ಟ್‌ದು. ಹಾಗಾಗಿ ಮಧ್ಯದಲ್ಲಿ ಒಂದು 25 ಕೆವಿಎ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಕೂರಿಸಿದ್ದರು. ಪ್ರೈಮರಿ, ಅಂದರೆ ಸಪ್ಲೈ ಬರುವ ಕಡೆಯ ವೈಂಡಿಂಗ್, ಡೆಲ್ಟಾ: ಮೂರು ಸುರುಳಿ ತ್ರಿಕೋನದ ಹಾಗೆ ಕಟ್ಟಿದ್ದು. ಸೆಕೆಂಡರಿ, ಅಂದರೆ ಮಷಿನ್ ಕಡೆಯದು, ಸ್ಟಾರ್: ಮೂರು ಸುರುಳಿಯ ಒಂದೊಂದು ತುದಿ ಒಂದೇ ಬಿಂದುವಿಗೆ ಸೇರಿದ್ದು. ಆ ಬಿಂದುವೇ ಸ್ಟಾರ್ ಪಾಯಿಂಟ್, ಅಂದರೆ ನ್ಯೂಟ್ರಲ್. ಸೆಕೆಂಡರಿಯಿಂದ ಎರಡು ಮೋಟಾರ್ ನಡೆಯುತ್ತಿದ್ದವು. ಒಂದು 11 ಕಿಲೋವ್ಯಾಟ್‌ನ ಸ್ಪಿಂಡಲ್ ಮೋಟಾರ್, ಅದಕ್ಕೊಂದು ವಿಎಫ್‌ಡಿ ಡ್ರೈವ್ (ಮೋಟಾರ್ ವೇಗ ಬದಲಿಸುವ ಎಲೆಕ್ಟ್ರಾನಿಕ್ ಸಾಧನ). ಇನ್ನೊಂದು ಸಣ್ಣ ಕೂಲೆಂಟ್ ಪಂಪ್, ಅದು ಕಾಂಟ್ಯಾಕ್ಟರ್ (ಮೋಟಾರ್ ಆನ್-ಆಫ್ ಮಾಡುವ ಸ್ವಿಚ್) ಮೂಲಕ ನೇರವಾಗಿ ಲೈನ್‌ಗೆ.

ತೊಂದರೆ ಪಂಪ್‌ದು ಅಂತ ಯಾರಿಗೂ ಅನಿಸಿರಲಿಲ್ಲ. ಹಾಳಾಗುತ್ತಿದ್ದದ್ದು ಡ್ರೈವ್. ಮೊದಲನೆಯದು ಸುಟ್ಟಾಗ ಬದಲಿಸಿದರು, ಎರಡನೆಯದೂ ಹಾಗೇ ಹೋಯಿತು. ಬಿಚ್ಚಿ ನೋಡಿದರೆ ಎರಡರಲ್ಲೂ ಒಂದೇ ಜಾಗ ಕಪ್ಪಾಗಿತ್ತು. ಮೋಟಾರ್‌ಗೆ ಹೋಗುವ ಔಟ್‌ಪುಟ್ ಕಡೆ ಎಲ್ಲ ಸರಿಯಿತ್ತು. ಸುಟ್ಟಿದ್ದು ಇನ್‌ಪುಟ್ ಕಡೆ, ಅದರಲ್ಲೂ ಫೇಸ್‌ನಿಂದ ಅರ್ಥ್‌ಗೆ ಕಟ್ಟಿರುವ ವೇರಿಸ್ಟರ್ (ಹೆಚ್ಚು ವೋಲ್ಟೇಜ್ ಬಂದಾಗ ಅದನ್ನು ಅರ್ಥ್‌ಗೆ ಇಳಿಸುವ ಬಿಡಿಭಾಗ) ಮತ್ತು ಫಿಲ್ಟರ್ ಕೆಪಾಸಿಟರ್ (ಡ್ರೈವ್‌ನ ವಿದ್ಯುತ್ ಗದ್ದಲವನ್ನು ಅರ್ಥ್‌ಗೆ ಹರಿಸುವುದು) ಇರುವ ಭಾಗ. ಸಪ್ಲೈನಲ್ಲಿ ಸ್ಪೈಕ್ ಬರುತ್ತಿದೆ ಅಂತ ಪ್ರೈಮರಿ ಕಡೆ ಸರ್ಜ್ ಅರೆಸ್ಟರ್ ಹಾಕಿಸಿದ್ದರು. ಅದರಿಂದ ಏನೂ ಬದಲಾಗಲಿಲ್ಲ.

ಅರ್ಥಿಂಗ್ ಬಗ್ಗೆ ಕೇಳಿದಾಗ ಎಲ್ಲರದ್ದೂ ಒಂದೇ ಉತ್ತರ: ಟ್ರಾನ್ಸ್‌ಫಾರ್ಮರ್‌ಗೆ ಅರ್ಥ್ ಇದೆ, ನೋಡಿ ಬೇಕಾದರೆ. ನಿಜ, ಪೆಟ್ಟಿಗೆಗೆ ದಪ್ಪ ಹಸಿರು-ಹಳದಿ ತಂತಿ ಬಂದಿತ್ತು, ಬೋಲ್ಟ್ ಬಿಗಿಯಾಗಿತ್ತು, ಮಷಿನ್ ಬಾಡಿಗೂ ಅರ್ಥ್ ತಂತಿ ಹೋಗಿತ್ತು. ಯಾರಿಗೂ ಶಾಕ್ ಹೊಡೆದಿರಲಿಲ್ಲ. ಆದರೆ ಸೆಕೆಂಡರಿಯ ಸ್ಟಾರ್ ಪಾಯಿಂಟ್ ಟರ್ಮಿನಲ್ ಮಾತ್ರ ಖಾಲಿ ಇತ್ತು. ಮಷಿನ್‌ಗೆ ಮೂರೇ ಫೇಸ್ ಬೇಕು, ನ್ಯೂಟ್ರಲ್ ಬೇಡ, ಹಾಗಾಗಿ ಅಲ್ಲಿ ಏನನ್ನೂ ಕಟ್ಟದೆ ಬಿಟ್ಟಿದ್ದರು. ನ್ಯೂಟ್ರಲ್ ಲೋಡ್ ಇಲ್ಲದಿದ್ದರೆ ನ್ಯೂಟ್ರಲ್‌ಗೆ ಕೆಲಸವಿಲ್ಲ ಅನ್ನುವ ಈ ಲೆಕ್ಕಾಚಾರ ತುಂಬಾ ಕಡೆ ನೋಡಿದ್ದೇನೆ. ಇಡೀ ಪ್ರಕರಣದ ಬುಡ ಇದೇ.

ಮೀಟರ್ ಹೇಳಿದ ಕಥೆ

ಫೇಸ್‌ನಿಂದ ಫೇಸ್‌ಗೆ ಅಳೆದರೆ ಮೂರೂ ಕಡೆ 200 ವೋಲ್ಟ್ ಆಸುಪಾಸು. ಚೊಕ್ಕಟ. ಇಷ್ಟು ನೋಡಿ ಮೀಟರ್ ಮಡಚಿಟ್ಟರೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಒಂದೊಂದು ಫೇಸ್‌ನಿಂದ ಬಾಡಿಗೆ, ಅಂದರೆ ಅರ್ಥ್ ಬಾರ್‌ಗೆ, ಅಳೆದೆವು. ಪಂಪ್ ಆಫ್ ಇದ್ದಾಗ 112, 119, 116. ಸ್ಟಾರ್ ಸೆಕೆಂಡರಿಯಲ್ಲಿ 200 ವೋಲ್ಟನ್ನು 1.732ರಿಂದ ಭಾಗಿಸಿದರೆ 115 ಬರುತ್ತದೆ, ಹಾಗಾಗಿ ಇದು ಸರಿಯಾಗೇ ಇದೆ ಅನಿಸುತ್ತದೆ. ಆದರೆ ಈ 115 ಗಟ್ಟಿಯಾದ 115 ಅಲ್ಲ. ಸ್ಟಾರ್ ಪಾಯಿಂಟ್ ಎಲ್ಲಿಗೂ ಕಟ್ಟದಿದ್ದರೂ, ಕೇಬಲ್‌ಗಳಿಗೆ ಮತ್ತು ಡ್ರೈವ್‌ನ ಫಿಲ್ಟರ್‌ಗೆ ಅರ್ಥ್ ಜೊತೆ ಇರುವ ಕೆಪಾಸಿಟೆನ್ಸ್ ಮೂರೂ ಫೇಸ್‌ನಲ್ಲಿ ಹೆಚ್ಚುಕಮ್ಮಿ ಸಮ ಇರುವುದರಿಂದ ಸುಮ್ನೆ ಮಧ್ಯದಲ್ಲಿ ತೇಲುತ್ತಿರುತ್ತದೆ.

ಪಂಪ್ ಆನ್ ಮಾಡಿಸಿದೆವು. ಅದೇ ಮೂರು ಅಳತೆ ಈಗ 4, 198, 201. ಸ್ಟಾರ್ ಪಾಯಿಂಟ್‌ನಿಂದ ಬಾಡಿಗೆ 113 ವೋಲ್ಟ್. ಪಂಪ್ ಆಫ್ ಮಾಡಿದರೆ ಮತ್ತೆ 115ರ ಸುತ್ತ. ಇಲ್ಲಿಗೆ ಅರ್ಧ ಪ್ರಕರಣ ಮುಗಿದ ಹಾಗೆ. ಪಂಪ್‌ನ ಒಂದು ಫೇಸ್ ಬಾಡಿಗೆ ತಾಗಿದೆ. ಪಂಪ್ ಓಡುವಷ್ಟು ಹೊತ್ತೂ ಆ ಫೇಸ್ ನೆಲದ ಮಟ್ಟದಲ್ಲಿರುತ್ತದೆ, ಉಳಿದ ಎರಡು ಫೇಸ್ ಅರ್ಥ್‌ಗೆ ಹೋಲಿಸಿದರೆ 115ರ ಬದಲು ಪೂರ್ತಿ 200 ವೋಲ್ಟ್‌ನಲ್ಲಿರುತ್ತವೆ. ಮೋಟಾರ್‌ಗೆ ಇದರ ಪರಿವೆಯೇ ಇಲ್ಲ, ಯಾಕೆಂದರೆ ಅದಕ್ಕೆ ಬೇಕಾದ್ದು ಫೇಸ್‌ಗಳ ನಡುವಿನ ವೋಲ್ಟೇಜ್, ಅದು ಹಾಗೇ ಇದೆ. ಪಂಪ್ ಆರಾಮಾಗಿ ಓಡುತ್ತಿತ್ತು.

ಮೀಟರ್ ಬಗ್ಗೆ ಒಂದು ಮಾತು. ತೇಲುವ ಸಿಸ್ಟಂನಲ್ಲಿ ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ತೋರಿಸುವ ಅಂಕಿಯನ್ನು ಹಾಗೇ ನಂಬಬೇಡಿ. ಅದರ ಒಳಗಿನ ರೆಸಿಸ್ಟೆನ್ಸ್ ತುಂಬಾ ಜಾಸ್ತಿ, ಹಾಗಾಗಿ ಸುಳ್ಳು ವೋಲ್ಟೇಜ್ ಕೂಡ ನಿಜದ ಹಾಗೆ ಕಾಣುತ್ತದೆ. ಲೋ ಇಂಪಿಡೆನ್ಸ್ ಮೋಡ್ ಇರುವ ಮೀಟರ್‌ನಲ್ಲಿ ಇನ್ನೊಮ್ಮೆ ನೋಡಿ. ಮುಖ್ಯವಾಗಿ, ಒಂದೊಂದೇ ಲೋಡ್ ಆನ್-ಆಫ್ ಮಾಡುತ್ತಾ ನೋಡಿ. ನಿಂತ ಮಷಿನ್‌ನಲ್ಲಿ ಅಳೆದಿದ್ದರೆ ಈ ದೋಷ ಸಿಗುತ್ತಲೇ ಇರಲಿಲ್ಲ, ಅಲ್ವಾ?

ಒಂದೂ ಬ್ರೇಕರ್ ಬೀಳಲಿಲ್ಲ ಯಾಕೆ

ಇದನ್ನು ಅರ್ಥ ಮಾಡಿಕೊಂಡರೆ ಟ್ರಾನ್ಸ್‌ಫಾರ್ಮರ್ ಅರ್ಥಿಂಗ್ ಪೂರ್ತಿ ಅರ್ಥವಾದ ಹಾಗೆ. ಕರೆಂಟ್ ಹೊರಟ ಮೂಲಕ್ಕೇ ವಾಪಸ್ ಹೋಗಬೇಕು. ಎರಡು ವೈಂಡಿಂಗ್ ಬೇರೆ ಬೇರೆ ಇರುವ ಟ್ರಾನ್ಸ್‌ಫಾರ್ಮರ್‌ನಲ್ಲಿ ಸೆಕೆಂಡರಿ ಅನ್ನುವುದು ಒಂದು ಹೊಸ ಮೂಲ. ಮೇಲಿನ 415 ವೋಲ್ಟ್ ಸಪ್ಲೈಯ ನ್ಯೂಟ್ರಲ್ ಎಲ್ಲೋ ಅರ್ಥ್ ಆಗಿದ್ದರೆ ಅದು ಆ ಸಿಸ್ಟಂನ ವಿಷಯ. ಅದರ ಅರ್ಥಿಂಗ್ ಪ್ರೈಮರಿ ವೈಂಡಿಂಗ್‌ಗೆ ಬಂದು ಅಲ್ಲೇ ನಿಲ್ಲುತ್ತದೆ. ಸೆಕೆಂಡರಿಯ ಫೇಸ್ ಬಾಡಿಗೆ ತಾಗಿದಾಗ ಆ ಕರೆಂಟ್ ಅರ್ಥ್ ತಂತಿ ಹಿಡಿದು ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆವರೆಗೆ ಬರಬಹುದು, ಆದರೆ ಅಲ್ಲಿಂದ ಸ್ಟಾರ್ ಪಾಯಿಂಟ್‌ಗೆ ದಾರಿಯೇ ಇಲ್ಲ. ಉಳಿದ ದಾರಿ ಅಂದರೆ ಫಿಲ್ಟರ್ ಕೆಪಾಸಿಟರ್‌ಗಳು ಮಾತ್ರ. ಫೇಸ್‌ಗೆ 1 ಮೈಕ್ರೋಫ್ಯಾರಡ್ ಅಂತ ಹಿಡಿದರೆ 50 ಹರ್ಟ್ಸ್‌ನಲ್ಲಿ ಒಂದರ ರಿಯಾಕ್ಟೆನ್ಸ್, ಅಂದರೆ ಎಸಿ ಕರೆಂಟ್‌ಗೆ ಅದು ಒಡ್ಡುವ ತಡೆ, ಸುಮಾರು 3180 ಓಮ್. ಮೂರೂ ಸೇರಿದರೆ 1060 ಓಮ್. 115 ವೋಲ್ಟ್‌ಗೆ ಹರಿಯುವ ಕರೆಂಟ್ 0.1 ಆಂಪಿಯರ್ ಅಷ್ಟೇ. 80 ಆಂಪಿಯರ್ ಬ್ರೇಕರ್‌ಗೆ ಇದು ಲೆಕ್ಕಕ್ಕೇ ಇಲ್ಲ.

ಮೇಲಿನ ಪ್ಯಾನಲ್‌ನಲ್ಲಿ ಅರ್ಥ್ ಲೀಕೇಜ್ ರಿಲೇ ಇತ್ತು, ಅಂದರೆ ಲೈನ್ ಕರೆಂಟ್‌ಗಳ ಮೊತ್ತ ಸೊನ್ನೆ ಬರದಿದ್ದರೆ ಸಪ್ಲೈ ಕಡಿಯುವ ಸಾಧನ. ಅದಾದರೂ ಬೀಳಬೇಕಿತ್ತಲ್ಲ ಅಂತ ಅಲ್ಲಿನವರು ಕೇಳಿದರು. ಒಳ್ಳೆಯ ಪ್ರಶ್ನೆ. ಪ್ರೈಮರಿ ಡೆಲ್ಟಾ ಇರುವಾಗ ಸೆಕೆಂಡರಿಯಲ್ಲಿ ಎಷ್ಟೇ ದೊಡ್ಡ ಅರ್ಥ್ ಫಾಲ್ಟ್ ಆದರೂ ಪ್ರೈಮರಿಯ ಮೂರು ಲೈನ್ ಕರೆಂಟ್‌ಗಳ ಮೊತ್ತ ಸೊನ್ನೆಯೇ. ಮೇಲಿನ ರಿಲೇಗೆ ಅದು ಎರಡು ಫೇಸ್ ನಡುವಿನ ಲೋಡ್‌ನ ಹಾಗೆ ಕಾಣುತ್ತದೆ. ಮೇಲೆ ಎಷ್ಟು ಸೂಕ್ಷ್ಮ ರಿಲೇ ಹಾಕಿದರೂ ಕೆಳಗಿನ ಸೆಕೆಂಡರಿಗೆ ಅದರಿಂದ ಕಾವಲು ಸಿಗುವುದಿಲ್ಲ.

ಇನ್ನು ಡ್ರೈವ್ ಯಾಕೆ ಸುಟ್ಟಿತು? ಅರ್ಥ್‌ಗೆ ಕಟ್ಟಿದ ವೇರಿಸ್ಟರ್, ಕೆಪಾಸಿಟರ್‌ಗಳು 115 ವೋಲ್ಟ್ ನೋಡಬೇಕಾದ ಕಡೆ ಪಂಪ್ ಓಡುವಷ್ಟೂ ಹೊತ್ತು 200 ನೋಡುತ್ತಿದ್ದವು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪಂಪ್‌ನ ವೈಂಡಿಂಗ್ ಒದ್ದೆಯಾಗಿತ್ತು ಅಂತ ಆಮೇಲೆ ಗೊತ್ತಾಯಿತು, ಒದ್ದೆಯಾದ ವೈಂಡಿಂಗ್‌ನ ಫಾಲ್ಟ್ ಒಂದೇ ಸಮ ಇರುವುದಿಲ್ಲ. ಕಿಡಿ ಹಾರಿ ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. ತೇಲುವ ಸಿಸ್ಟಂನಲ್ಲಿ ಪ್ರತಿ ಸಲವೂ ಕೆಪಾಸಿಟೆನ್ಸ್‌ನಲ್ಲಿ ಚಾರ್ಜ್ ಸಿಕ್ಕಿಹಾಕಿಕೊಂಡು ವೋಲ್ಟೇಜ್ ಮೆಟ್ಟಿಲು ಮೆಟ್ಟಿಲಾಗಿ ಏರಿ ಸಾಮಾನ್ಯ ಫೇಸ್ ವೋಲ್ಟೇಜಿನ ಹಲವು ಪಟ್ಟು ಆಗಬಹುದು. ಸರ್ಜ್ ಬರುತ್ತಿದೆ ಅನ್ನುವ ಊಹೆ ಪೂರ್ತಿ ತಪ್ಪಲ್ಲ. ಆದರೆ ಅದು ಹೊರಗಿನಿಂದ ಬರುತ್ತಿರಲಿಲ್ಲ, ಟ್ರಾನ್ಸ್‌ಫಾರ್ಮರ್‌ನ ಈಚೆಗೇ ಹುಟ್ಟುತ್ತಿತ್ತು. ಡ್ರೈವ್‌ಗಳ ಕೈಪಿಡಿಯಲ್ಲಿ ಅರ್ಥ್ ಇಲ್ಲದ ಸಿಸ್ಟಂಗೆ ಕಟ್ಟುವುದಾದರೆ ಫಿಲ್ಟರ್‌ನ ಅರ್ಥ್ ಸ್ಕ್ರೂ ತೆಗೆಯಿರಿ ಅಂತ ಬರೆದಿರುವುದು ಇದಕ್ಕೇ. ಆ ಪುಟವನ್ನು ಯಾರೂ ಓದಿರಲಿಲ್ಲ. ಅಥವಾ ಓದಿದವರು ನಮ್ಮಲ್ಲಿ ಅರ್ಥ್ ಇದೆಯಲ್ಲ ಅಂದುಕೊಂಡಿರಬೇಕು.

ಡ್ರೈವ್ ಹೋದರೆ ಹಣ ಹೋಯಿತು, ಅಷ್ಟೇ. ನನಗೆ ನಿಜವಾಗಿ ಭಯ ಇದ್ದದ್ದು ಎರಡನೆಯ ಫಾಲ್ಟ್ ಬಗ್ಗೆ. ಪಂಪ್‌ನ ಒಂದು ಫೇಸ್ ಬಾಡಿಗೆ ತಾಗಿರುವಾಗಲೇ ಸ್ಪಿಂಡಲ್ ಕಡೆ ಕೇಬಲ್‌ನ ಬೇರೊಂದು ಫೇಸ್ ಬಾಡಿಗೆ ತಾಗಿದ್ದರೆ, ಎರಡು ಫೇಸ್ ನಡುವಿನ ಶಾರ್ಟ್ ಸರ್ಕಿಟ್ ಮಷಿನ್ ಬಾಡಿಯ ಮೂಲಕ ಆಗುತ್ತಿತ್ತು. ಮಷಿನ್ ಮೇಲೆ ಕೈ ಇಟ್ಟು ಕೆಲಸ ಮಾಡುವವರು ಅಲ್ಲೇ ನಿಂತಿರುತ್ತಾರೆ.

ಅಲ್ಲಿ ಬಂದ ಮೂರು ಸಲಹೆಗಳು

ಮೊದಲನೆಯದು: ಮೇನ್ ಪ್ಯಾನಲ್‌ನಿಂದ ಸಪ್ಲೈ ನ್ಯೂಟ್ರಲ್ ಎಳೆದು ಸ್ಟಾರ್ ಪಾಯಿಂಟ್‌ಗೆ ಕಟ್ಟಿಬಿಡೋಣ. ಬೇಡ. ಆ ನ್ಯೂಟ್ರಲ್‌ನಲ್ಲಿ ಕಾರ್ಖಾನೆಯ ಬೇರೆ ಲೋಡ್‌ಗಳ ಕರೆಂಟ್ ಹರಿಯುತ್ತಿರುತ್ತದೆ. ಅದು ಎಲ್ಲಾದರೂ ಕಟ್ ಆದರೆ ಸಿಂಗಲ್ ಫೇಸ್ ಲೋಡ್‌ಗಳ ಮೂಲಕ ಆ ತಂತಿಗೆ 240 ವೋಲ್ಟ್‌ವರೆಗೆ ಬರಬಹುದು, ಅದರ ಜೊತೆ ನಮ್ಮ ಸೆಕೆಂಡರಿಯೂ ಮೇಲೇರುತ್ತದೆ. ಡೆಲ್ಟಾ ಪ್ರೈಮರಿಗೆ ಮೂರು ಫೇಸ್ ಮತ್ತು ಒಂದು ಅರ್ಥ್ ತಂತಿ ಸಾಕು. ನ್ಯೂಟ್ರಲ್ ತರುವುದೇ ಬೇಡ.

ಎರಡನೆಯದು ಇನ್ನೂ ಅಪಾಯದ್ದು, ಆದರೆ ಕೇಳಲು ಚೆನ್ನಾಗಿರುತ್ತದೆ: ಸ್ಟಾರ್ ಪಾಯಿಂಟ್‌ಗೆ ಅಂತಲೇ ಹೊಸ ಅರ್ಥ್ ಪಿಟ್ ತೋಡಿ, ಶುದ್ಧ ಅರ್ಥ್ ಕೊಡೋಣ, ಬಾಡಿ ಅರ್ಥ್ ಜೊತೆ ಸೇರಿಸುವುದು ಬೇಡ. ಲೆಕ್ಕ ಹಾಕಿ ನೋಡಿ. ಹೊಸ ರಾಡ್‌ನ ರೆಸಿಸ್ಟೆನ್ಸ್ 5 ಓಮ್, ಬಾಡಿ ಅರ್ಥ್‌ದು 2 ಓಮ್ ಅಂತಿಟ್ಟುಕೊಳ್ಳೋಣ. ಎರಡೂ ಒಳ್ಳೆಯ ಅಂಕಿಗಳೇ. ಫೇಸ್ ಬಾಡಿಗೆ ಪೂರ್ತಿ ತಾಗಿದರೂ ಕರೆಂಟ್ ಮಣ್ಣಿನ ಮೂಲಕವೇ ಹೋಗಬೇಕು: 115 ಭಾಗ 7, ಸುಮಾರು 16 ಆಂಪಿಯರ್. 80 ಆಂಪಿಯರ್ ಬ್ರೇಕರ್ ಯಾವತ್ತೂ ಬೀಳುವುದಿಲ್ಲ. ಆ 16 ಆಂಪಿಯರ್ ದಿನಗಟ್ಟಲೆ ಹರಿಯುತ್ತಿರುತ್ತದೆ. ಮಷಿನ್ ಬಾಡಿ 33 ವೋಲ್ಟ್, ಸ್ಟಾರ್ ಪಾಯಿಂಟ್ 80 ವೋಲ್ಟ್ ಮೇಲೇರಿ ಕೂರುತ್ತವೆ. ಅಮೆರಿಕದ ಎನ್‌ಇಸಿ ನಿಯಮಾವಳಿ, ಭೂಮಿಯನ್ನು ಫಾಲ್ಟ್ ಕರೆಂಟಿನ ದಾರಿ ಅಂತ ಲೆಕ್ಕಕ್ಕೆ ಹಿಡಿಯಬಾರದು ಅಂತ 250.4ರಲ್ಲೇ ಸ್ಪಷ್ಟವಾಗಿ ಹೇಳುತ್ತದೆ. ಫಾಲ್ಟ್ ಕರೆಂಟ್ ವಾಪಸ್ ಬರಬೇಕಾದ್ದು ತಾಮ್ರದಲ್ಲಿ. ಪಿಟ್ ಬೇಡ ಅಂತಲ್ಲ, ಸಿಡಿಲು, ಸರ್ಜ್, ನೆಲದ ಮಟ್ಟಕ್ಕೆ ವೋಲ್ಟೇಜ್ ಹಿಡಿದಿಡುವುದು, ಇದಕ್ಕೆಲ್ಲ ಅದು ಬೇಕು. ಬ್ರೇಕರ್ ಬೀಳಿಸುವ ಕೆಲಸ ಅದರದ್ದಲ್ಲ.

ಮೂರನೆಯದು: ಪಂಪ್ ಬದಲಿಸಿ, ಉಳಿದದ್ದು ತೇಲುತ್ತಲೇ ಇರಲಿ. ಒಂದು ಫಾಲ್ಟ್ ಆದರೂ ಮಷಿನ್ ನಿಲ್ಲುವುದಿಲ್ಲ ಅನ್ನುವುದು ಲಾಭವೇ ಅಲ್ವಾ? ಇದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಅರ್ಥ್ ಮಾಡದ ಸಿಸ್ಟಂ, ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆ) ಭಾಷೆಯಲ್ಲಿ ಐಟಿ ಸಿಸ್ಟಂ, ಆಪರೇಷನ್ ಥಿಯೇಟರ್‌ನಂಥ ಕಡೆ ಬೇಕೆಂದೇ ಬಳಸುತ್ತಾರೆ. ಆದರೆ ಅಲ್ಲಿ ಇನ್ಸುಲೇಷನ್ ಮಾನಿಟರ್ ಇರುತ್ತದೆ, ಮೊದಲ ಫಾಲ್ಟ್‌ಗೆ ಅಲಾರಂ ಕೂಗುತ್ತದೆ, ಎರಡನೆಯದು ಆಗುವ ಮೊದಲು ಹುಡುಕಿ ಸರಿಮಾಡುವ ಜನ ಇರುತ್ತಾರೆ. ಇಲ್ಲಿ ಇದ್ಯಾವುದೂ ಇರಲಿಲ್ಲ. ಮರೆತು ತೇಲಿಬಿಟ್ಟದ್ದಕ್ಕೂ ಯೋಚಿಸಿ ತೇಲಿಬಿಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಎನ್‌ಇಸಿ ಪ್ರಕಾರವಂತೂ, ಅರ್ಥ್ ಮಾಡಿದಾಗ ಫೇಸ್‌ನಿಂದ ನೆಲಕ್ಕೆ 150 ವೋಲ್ಟ್ ಮೀರದ ಹಾಗೆ ಇಡಲು ಸಾಧ್ಯವಿದ್ದರೆ ಆ ಸಿಸ್ಟಂ ಅರ್ಥ್ ಆಗಲೇಬೇಕು. ನಮ್ಮದು 115.

ಮಾಡಿದ ಕೆಲಸ

ಕ್ರಮ ಮುಖ್ಯ. ಫಾಲ್ಟ್ ಹಾಗೇ ಇರುವಾಗ ಸ್ಟಾರ್ ಪಾಯಿಂಟ್ ಅರ್ಥ್ ಮಾಡಿದರೆ, ಆನ್ ಮಾಡಿದ ತಕ್ಷಣ ಅಲ್ಲಿವರೆಗೆ 0.1 ಆಂಪಿಯರ್ ಇದ್ದ ಕರೆಂಟ್ ಒಮ್ಮೆಲೇ ಜಾಸ್ತಿಯಾಗುತ್ತದೆ. ಹಾಗಾಗಿ ಮೊದಲು ಪ್ರೈಮರಿ ಲಾಕ್ ಮಾಡಿ, ಡ್ರೈವ್‌ನ ತಂತಿಗಳನ್ನು ಎರಡೂ ಕಡೆ ಬಿಚ್ಚಿ, 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ರೆಸಿಸ್ಟೆನ್ಸ್ ಅಳೆಯುವ ಮೀಟರ್) ಹಾಕಿದೆವು. ಡ್ರೈವ್ ಬಿಚ್ಚದೆ ಮೆಗ್ಗರ್ ಹಾಕಿದರೆ ಇನ್ನೊಂದು ಡ್ರೈವ್ ಹೋಗುತ್ತದೆ, ನೆನಪಿರಲಿ. ಕೇಬಲ್‌ಗಳು, ಸ್ಪಿಂಡಲ್ ಮೋಟಾರ್, ಟ್ರಾನ್ಸ್‌ಫಾರ್ಮರ್ ವೈಂಡಿಂಗ್ ಎಲ್ಲ ಚೆನ್ನಾಗಿದ್ದವು. ಪಂಪ್ ಮಾತ್ರ ಸೊನ್ನೆ. ಮಷಿನ್‌ಗಳ ಐಇಸಿ 60204-1 ಕೇಳುವುದು ಕನಿಷ್ಠ 1 ಮೆಗಾ ಓಮ್. ಮಲ್ಟಿಮೀಟರ್‌ನಲ್ಲಿ ಪಂಪ್‌ನ ವೈಂಡಿಂಗ್‌ನಿಂದ ಬಾಡಿಗೆ 40 ಓಮ್ ಬಂತು. ಶಾಫ್ಟ್ ಸೀಲ್ ಸವೆದು ಕೂಲೆಂಟ್ ಒಳಗೆ ಇಳಿದಿತ್ತು. 0.1 ಆಂಪಿಯರ್ ಇಂಟು 40 ಅಂದರೆ 4 ವೋಲ್ಟ್, ಮೀಟರ್ ತೋರಿಸಿದ್ದ ಅದೇ 4.

ಪಂಪ್ ಬದಲಾದ ಮೇಲೆ ಅರ್ಥಿಂಗ್. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯೊಳಗೆ ಒಂದು ತಾಮ್ರದ ಅರ್ಥ್ ಬಾರ್ ಹಾಕಿದೆವು. ಪ್ರೈಮರಿ ಜೊತೆ ಬಂದ ಅರ್ಥ್ ತಂತಿ, ಕೋರ್‌ನ ಕ್ಲ್ಯಾಂಪ್, ಪೆಟ್ಟಿಗೆಯ ಬಾಡಿ, ಮಷಿನ್‌ಗೆ ಹೋಗುವ ಅರ್ಥ್ ತಂತಿ, ಕಟ್ಟಡದ ಅರ್ಥ್ ಪಟ್ಟಿಯಿಂದ ಬಂದ ಕನೆಕ್ಷನ್, ಎಲ್ಲವೂ ಈ ಒಂದೇ ಬಾರ್‌ಗೆ. ಸ್ಟಾರ್ ಪಾಯಿಂಟ್‌ನಿಂದ ಅದೇ ಬಾರ್‌ಗೆ ಒಂದು ಗಿಡ್ಡ ತಾಮ್ರದ ತಂತಿ. ಲಗ್ ಕೂರುವ ಕಡೆ ಪೇಂಟ್ ಕೆರೆದು ಲೋಹ ಕಾಣಿಸಿ ಬಿಗಿದೆವು. ನ್ಯೂಟ್ರಲ್ ಮಷಿನ್‌ವರೆಗೆ ಹೋಗಲಿಲ್ಲ, ಹೋಗುವ ಅಗತ್ಯವೂ ಇರಲಿಲ್ಲ. ಈ ಜೋಡಣೆ ಇರುವುದು ಇಲ್ಲಿ ಒಂದೇ ಕಡೆ.

ಆ ಗಿಡ್ಡ ತಂತಿ ಎಷ್ಟು ದಪ್ಪ ಇರಬೇಕು ಅನ್ನುವುದರ ಮೇಲೆ ಸ್ವಲ್ಪ ವಾದ ಆಯಿತು. ಟ್ರಾನ್ಸ್‌ಫಾರ್ಮರ್‌ನ ಫುಲ್ ಲೋಡ್ ಕರೆಂಟ್ 72 ಆಂಪಿಯರ್, ಇಂಪಿಡೆನ್ಸ್ (ಒಳಗಿನ ತಡೆ) 4 ಶೇಕಡಾ, ಅಂದರೆ ಶಾರ್ಟ್ ಆದರೆ ಫುಲ್ ಲೋಡ್‌ನ 25 ಪಟ್ಟು ಕರೆಂಟ್. ಟರ್ಮಿನಲ್ ಹತ್ತಿರವೇ ಫೇಸ್ ಬಾಡಿಗೆ ತಾಗಿದರೆ ಸುಮಾರು 1800 ಆಂಪಿಯರ್ ಬರುತ್ತದೆ. ಸೆಕೆಂಡರಿ ಬ್ರೇಕರ್‌ನ ಆಚೆ ಆದ ಫಾಲ್ಟ್ ಕ್ಷಣದಲ್ಲಿ ಕಟ್ ಆಗುತ್ತದೆ, ಅದಕ್ಕೆ ತೆಳು ತಂತಿಯೂ ತಡೆಯುತ್ತದೆ. ಆದರೆ ಟರ್ಮಿನಲ್‌ಗೂ ಆ ಬ್ರೇಕರ್‌ಗೂ ನಡುವೆ ಆದರೆ? ಆಗ ಕಾಯುವುದು ಪ್ರೈಮರಿಯ ಬ್ರೇಕರ್ ಒಂದೇ. ಡೆಲ್ಟಾ-ಸ್ಟಾರ್‌ನಲ್ಲಿ ಸೆಕೆಂಡರಿಯ 1800 ಆಂಪಿಯರ್ ಅರ್ಥ್ ಫಾಲ್ಟ್ ಪ್ರೈಮರಿಯ ಎರಡು ಲೈನ್‌ನಲ್ಲಿ ಸುಮಾರು 500 ಆಂಪಿಯರ್ ಆಗಿ ಕಾಣುತ್ತದೆ. ಅಲ್ಲಿದ್ದದ್ದು ಡಿ ಕರ್ವ್‌ನ 50 ಆಂಪಿಯರ್ ಬ್ರೇಕರ್ (ಕರ್ವ್ ಅಂದರೆ ಎಷ್ಟು ಪಟ್ಟು ಕರೆಂಟ್‌ಗೆ ತಕ್ಷಣ ಬೀಳುತ್ತದೆ ಅನ್ನುವ ವರ್ಗ: ಸಿ 5ರಿಂದ 10 ಪಟ್ಟು, ಡಿ 10ರಿಂದ 20 ಪಟ್ಟು), ಸ್ವಿಚ್ ಆನ್ ಮಾಡುವಾಗ ಕ್ಷಣಕಾಲ ನುಗ್ಗುವ ಇನ್‌ರಶ್ ಕರೆಂಟ್ ತಡೆಯಬೇಕಲ್ಲ. ಅದು ತಕ್ಷಣ ಬೀಳುವುದು 500ರಿಂದ 1000 ಆಂಪಿಯರ್ ನಡುವೆ. ಅಂದರೆ ತಕ್ಷಣ ಬೀಳದೇ ಇರಬಹುದು, ಬಿಸಿಯಾಗಿ ಬೀಳಲು ಕೆಲವು ಸೆಕೆಂಡ್ ತೆಗೆದುಕೊಳ್ಳಬಹುದು. 5 ಸೆಕೆಂಡ್ ಹಿಡಿದು, ಪಿವಿಸಿ ತಾಮ್ರದ ತಂತಿಗೆ 143 ಅನ್ನುವ ಗುಣಾಂಕ ಹಾಕಿ ಲೆಕ್ಕ ಮಾಡಿದರೆ 28 ಸ್ಕ್ವೇರ್ ಎಂಎಂ ಬರುತ್ತದೆ. ಹಾಗಾಗಿ 35 ಹಾಕಿದೆವು. ತಂತಿ ಒಂದು ಅಡಿಯೂ ಇಲ್ಲ, ಅದರಲ್ಲಿ ಉಳಿಸುವುದು ಏನೂ ಇಲ್ಲ. ಸೆಕೆಂಡರಿಯ 80 ಆಂಪಿಯರ್ ಬ್ರೇಕರ್ ಮೊದಲು ಮಷಿನ್ ಪಕ್ಕದಲ್ಲಿತ್ತು, ಅದನ್ನೂ ಟ್ರಾನ್ಸ್‌ಫಾರ್ಮರ್ ಪಕ್ಕಕ್ಕೇ ತಂದೆವು. ಕಾವಲಿಲ್ಲದ ಆ ತುಂಡು ಎಷ್ಟು ಗಿಡ್ಡವಿದ್ದರೆ ಅಷ್ಟು ಒಳ್ಳೆಯದು.

ಮಷಿನ್‌ವರೆಗಿನ 15 ಮೀಟರ್‌ಗೆ ಫೇಸ್ ತಂತಿ 25 ಸ್ಕ್ವೇರ್, ಅರ್ಥ್ ತಂತಿ 16 ಸ್ಕ್ವೇರ್. ಎರಡರ ರೆಸಿಸ್ಟೆನ್ಸ್ ಸೇರಿ 0.028 ಓಮ್, ಟ್ರಾನ್ಸ್‌ಫಾರ್ಮರ್‌ದು 0.064. ಮಷಿನ್‌ನಲ್ಲಿ ಫೇಸ್ ಬಾಡಿಗೆ ತಾಗಿದರೆ 1250 ಆಂಪಿಯರ್. ಸಿ ಕರ್ವ್‌ನ 80 ಆಂಪಿಯರ್ ಬ್ರೇಕರ್ 800 ಒಳಗೇ ತಕ್ಷಣ ಬೀಳಲೇಬೇಕು. ಎರಡನೆಯ ಸಲಹೆಯ 16 ಆಂಪಿಯರ್‌ಗೂ ಇದಕ್ಕೂ ಹೋಲಿಸಿ ನೋಡಿ.

ಇಷ್ಟಕ್ಕೇ ನಿಲ್ಲಿಸಿದ್ದರೆ ಪಂಪ್ ವಿಷಯ ಅರ್ಧ ಉಳಿಯುತ್ತಿತ್ತು. ಹೊಸ ಪಂಪ್‌ನ ಸೀಲ್ ಕೂಡ ಒಂದು ದಿನ ಸವೆಯುತ್ತದೆ, ಮತ್ತೆ 40 ಓಮ್‌ನ ಫಾಲ್ಟ್ ಆಗುತ್ತದೆ. ಈಗ ಸ್ಟಾರ್ ಪಾಯಿಂಟ್ ಅರ್ಥ್ ಆಗಿದೆ, ಆದರೂ 115 ಭಾಗ 40 ಅಂದರೆ 3 ಆಂಪಿಯರ್‌ಗೂ ಕಡಿಮೆ. ಬ್ರೇಕರ್ ಬೀಳುವುದಿಲ್ಲ. ಬಾಡಿ ಸುರಕ್ಷಿತ, ಆದರೆ ಒದ್ದೆ ವೈಂಡಿಂಗ್‌ನ ಆ ಒಂದು ಜಾಗದಲ್ಲಿ 300 ವ್ಯಾಟ್‌ಗಿಂತ ಹೆಚ್ಚು ಬಿಸಿ. ಅದಕ್ಕೇ ಪಂಪ್‌ನ ಲೈನ್‌ಗೆ ಕೋರ್ ಬ್ಯಾಲೆನ್ಸ್ ಸಿಟಿ (ಒಳಗೆ ತೂರಿದ ತಂತಿಗಳ ಕರೆಂಟ್ ಮೊತ್ತ ಅಳೆಯುವ ಬಳೆ) ಇರುವ ಅರ್ಥ್ ಲೀಕೇಜ್ ರಿಲೇ ಹಾಕಿ, 300 ಮಿಲಿಆಂಪಿಯರ್‌ಗೆ ಇಟ್ಟು, ಪಂಪ್‌ನ ಕಾಂಟ್ಯಾಕ್ಟರ್ ಬಿಡುವಂತೆ ಮಾಡಿದೆವು. ಸಿಟಿಯೊಳಗೆ ಮೂರು ಫೇಸ್ ಮಾತ್ರ ಹೋಗಬೇಕು, ಅರ್ಥ್ ತಂತಿಯನ್ನೂ ತೂರಿಸಿದರೆ ಅದು ಏನನ್ನೂ ಕಾಣುವುದಿಲ್ಲ. ಸ್ಟಾರ್ ಪಾಯಿಂಟ್ ತೇಲುತ್ತಿದ್ದರೆ ಈ ರಿಲೇ ಹಾಕಿಯೂ ಉಪಯೋಗ ಇರಲಿಲ್ಲ, 0.1 ಆಂಪಿಯರ್‌ಗೆ ಅದು ಏಳುವುದೇ ಇಲ್ಲ. ಡ್ರೈವ್ ಲೈನ್‌ಗೆ ಇದನ್ನು ಹಾಕಲಿಲ್ಲ. ಫಿಲ್ಟರ್‌ನ ಮಾಮೂಲಿ ಲೀಕೇಜ್‌ಗೇ ಅದು ಸುಮ್ನೆ ಬೀಳುತ್ತಿರಬಹುದು, ಜೊತೆಗೆ ಡ್ರೈವ್‌ನ ಡಿಸಿ ಫಾಲ್ಟ್ ಕರೆಂಟನ್ನು ಸಾಮಾನ್ಯ ರಿಲೇ ಸರಿಯಾಗಿ ಅಳೆಯುವುದೂ ಇಲ್ಲ.

ಆನ್ ಮಾಡಿದ ಮೇಲೆ ಫೇಸ್‌ನಿಂದ ಬಾಡಿಗೆ ಮೂರೂ ಕಡೆ 115, ಪಂಪ್ ಆನ್ ಇರಲಿ ಆಫ್ ಇರಲಿ ಅಂಕಿ ಕದಲಲಿಲ್ಲ. ಸ್ಟಾರ್ ಪಾಯಿಂಟ್‌ನಿಂದ ಬಾಡಿಗೆ ಸೊನ್ನೆ. ಮಷಿನ್ ಹತ್ತಿರ ಲೂಪ್ ಇಂಪಿಡೆನ್ಸ್, ಅಂದರೆ ಫಾಲ್ಟ್ ಕರೆಂಟ್ ಹೋಗಿ ಬರುವ ಪೂರ್ತಿ ದಾರಿಯ ತಡೆ, 0.1 ಓಮ್ ಸಮೀಪ. ಡ್ರೈವ್‌ನ ಫಿಲ್ಟರ್ ಸ್ಕ್ರೂ ಇದ್ದಲ್ಲೇ ಬಿಟ್ಟೆವು, ಈಗ ಅದು ಇರಬೇಕಾದ್ದೇ.

ನಿಮ್ಮಲ್ಲೂ ಇಂಥದ್ದೊಂದು ಟ್ರಾನ್ಸ್‌ಫಾರ್ಮರ್ ಇದ್ದರೆ ತಂತಿ ಕಟ್ಟುವ ಮೊದಲು ನೇಮ್‌ಪ್ಲೇಟ್ ಓದಿ. ಅದು ಆಟೋ ಟ್ರಾನ್ಸ್‌ಫಾರ್ಮರ್ ಆಗಿದ್ದರೆ ಎರಡು ಬೇರೆ ವೈಂಡಿಂಗ್ ಇಲ್ಲ, ಹೊಸ ಮೂಲವೂ ಹುಟ್ಟುವುದಿಲ್ಲ, ಹಾಗಾಗಿ ಮೇಲೆ ಹೇಳಿದ ಜೋಡಣೆ ಅದಕ್ಕೆ ಅಲ್ಲ. ಇನ್ನೊಂದು ಸಂದರ್ಭ, ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಒಂದನ್ನು ತಿರುಗಿಸಿ ಸ್ಟೆಪ್-ಡೌನ್ ಆಗಿ ಬಳಸಿರುವುದು. ಆಗ ಸಪ್ಲೈ ಬರುವ ಕಡೆಯೇ ಸ್ಟಾರ್ ಇರುತ್ತದೆ. ಆ ಸ್ಟಾರ್ ಪಾಯಿಂಟನ್ನು ಅರ್ಥ್‌ಗೂ ಕಟ್ಟಬೇಡಿ, ಸಪ್ಲೈ ನ್ಯೂಟ್ರಲ್‌ಗೂ ಕಟ್ಟಬೇಡಿ. ಕಟ್ಟಿದರೆ ಡೆಲ್ಟಾ ಒಳಗೆ ಕರೆಂಟ್ ಸುತ್ತತೊಡಗಿ, ಮೇಲಿನ ಲೈನ್‌ನ ಅಸಮತೋಲನವನ್ನೆಲ್ಲ ಆ ಟ್ರಾನ್ಸ್‌ಫಾರ್ಮರ್ ಹೊರಬೇಕಾಗುತ್ತದೆ, ಲೋಡ್ ಇಲ್ಲದೆಯೂ ಬಿಸಿಯಾಗುತ್ತದೆ. ಅಲ್ಲಿ ಮೋಟಾರ್ ಕಡೆ ಡೆಲ್ಟಾ ಇರುವುದರಿಂದ ಅರ್ಥ್ ಮಾಡಲು ಸ್ಟಾರ್ ಪಾಯಿಂಟೇ ಸಿಗುವುದಿಲ್ಲ. ಒಂದು ಮೂಲೆಯ ಫೇಸನ್ನೇ ಅರ್ಥ್ ಮಾಡಬೇಕು, ಇಲ್ಲವೇ ಜಿಗ್‌ಜ್ಯಾಗ್ ಅರ್ಥಿಂಗ್ ಟ್ರಾನ್ಸ್‌ಫಾರ್ಮರ್ (ನ್ಯೂಟ್ರಲ್ ಬಿಂದು ಒದಗಿಸುವುದಕ್ಕೇ ಇರುವುದು) ಹಾಕಬೇಕು, ಇಲ್ಲವೇ ಇನ್ಸುಲೇಷನ್ ಮಾನಿಟರ್ ಇಟ್ಟು ತೇಲಲು ಬಿಡಬೇಕು. ಮೂಲೆ ಅರ್ಥ್ ಮಾಡಿದರೆ ಉಳಿದೆರಡು ಫೇಸ್ ಅರ್ಥ್‌ಗೆ ಯಾವಾಗಲೂ 200 ವೋಲ್ಟ್‌ನಲ್ಲೇ ಇರುತ್ತವೆ, ಹಾಗಾಗಿ ಡ್ರೈವ್‌ನ ಕೈಪಿಡಿ ಅದಕ್ಕೆ ಒಪ್ಪುತ್ತದೆಯೇ ಅಂತ ಮೊದಲು ನೋಡಿಕೊಳ್ಳಿ.